ಭಾವನ ಅಂಗಡಿಯಲ್ಲಿ ಬಾಯಿಗೆ ಬೀಗ

ಭಾವನ ಕಟಿಂಗ್ ಶಾಪ್‌ನಲ್ಲಿ ಎರಡನೇ ಕುರ್ಚಿ ನನ್ನದು. ಷರತ್ತು ಒಂದೇ: ಗಿರಾಕಿಗಳ ಹತ್ತಿರ ಯೇಸುವಿನ ಮಾತು ಎತ್ತಬಾರದು. ಈ ಷರತ್ತು ಸುಮ್ಮನೆ ಬಂದದ್ದಲ್ಲ. ದೀಕ್ಷಾಸ್ನಾನವಾದ ಹೊಸದರಲ್ಲಿ, ಆ ಉತ್ಸಾಹದಲ್ಲಿ, ಒಬ್ಬರ ಗಲ್ಲಕ್ಕೆ ನೊರೆ ಬಳಿದು, ಕುತ್ತಿಗೆಯ ಹತ್ತಿರ ಕತ್ತಿ ಹಿಡಿದು, “ನೀವು ಇವತ್ತೇ ಸತ್ತರೆ ಎಲ್ಲಿಗೆ ಹೋಗ್ತೀರಿ?” ಎಂದು ಕೇಳಿಬಿಟ್ಟಿದ್ದೆ. ಆ ಮನುಷ್ಯ ಅರ್ಧ ಗಡ್ಡದಲ್ಲೇ ಎದ್ದು ಓಟ ಕಿತ್ತ.

“ನಿಮ್ಮಕ್ಕನ ಮುಖ ನೋಡಿ ಸುಮ್ನಿದ್ದೀನಿ,” ಎಂದರು ಭಾವ. “ಇನ್ನೊಂದು ಸಲ ಬಾಯಿ ಬಿಟ್ರೆ ನಿನ್ನ ದಾರಿ ನಿನಗೆ.” ಭಾವನೂ ಭಾನುವಾರ ತಪ್ಪದೆ ಚರ್ಚಿನ ಸಭೆಗೆ ಬರುವವರೇ. ಆದರೆ ಅವರ ಭಕ್ತಿ ಒದ್ದೆ ಕೊಡೆಯ ಹಾಗೆ ಅಂಗಡಿಯ ಹೊರಗೇ ಉಳಿಯುತ್ತದೆ. ನನಗೆ ಅದನ್ನು ಕಂಡರೆ ಮೈ ಉರಿಯುತ್ತದೆ.

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಮಾತು ಬೇಡ, ಬದುಕೇ ಸಾಕ್ಷಿಯಾಗಲಿ ಎನ್ನುತ್ತಾರೆ ಸಭಾಪಾಲಕರು. ಅವರಿಗೇನು, ಹೇಳಿ ಮನೆಗೆ ಹೋಗುತ್ತಾರೆ. ಕ್ರಾಪು ನೇರ ಬಂದರೆ ಅದರಲ್ಲಿ ಯಾರಿಗೆ ದೇವರು ಕಾಣಿಸುತ್ತಾನೆ? ಕೊನೆಗೆ ನಾನೇ ಒಂದು ದಾರಿ ಹುಡುಕಿಕೊಂಡೆ. ತಲೆ ನನ್ನ ಕೈಯಲ್ಲಿ ಇರುವಷ್ಟು ಹೊತ್ತು ಆ ತಲೆಯವನಿಗಾಗಿ ಒಳಗೊಳಗೇ ಪ್ರಾರ್ಥಿಸುವುದು. ಭಾವನಿಗೆ ಗೊತ್ತಾಗುವ ಹಾಗಿಲ್ಲ.

ಮೊನ್ನೆ ಬೆಳಿಗ್ಗೆ ಪಂಕ್ಚರ್ ಅಣ್ಣ ಬಂದರು. ಪಕ್ಕದಲ್ಲೇ ಅವರ ಟೈರ್ ಅಂಗಡಿ. ದೊಡ್ಡ ಗಂಟಲು, ಮೂಗಿನ ತುದಿಯಲ್ಲೇ ಸಿಟ್ಟು. ಹಿಂದೆ ಅಣ್ಣ ತಮ್ಮ ಇಬ್ಬರೂ ಸೇರಿ ಆ ಅಂಗಡಿ ನಡೆಸುತ್ತಿದ್ದರು. ಒಂದು ದಿನ ಗಿರಾಕಿಗಳ ಎದುರಿಗೇ ಇವರು ತಮ್ಮನ ಕೆನ್ನೆಗೆ ಬಾರಿಸಿದರು. ಆಮೇಲೆ ಮಾತಿಲ್ಲ, ಕತೆಯಿಲ್ಲ. ತಮ್ಮನ ಮನೆ ನಮ್ಮ ಅಂಗಡಿಯ ಎದುರಿಗೇ ಇದೆ, ಹಸಿರು ಬಾಗಿಲು. ಅವರ ಅಮ್ಮ ಇರುವುದೂ ಅಲ್ಲೇ.

“ಅಮ್ಮ ಹಾಸಿಗೆ ಹಿಡಿದಿದ್ದಾಳಂತೆ,” ಎಂದರು ಕುರ್ಚಿಯಲ್ಲಿ ಕೂರುತ್ತ. “ಹೋಗಿ ನೋಡ್ಕೊಂಡು ಬರ್ತೀನಿ. ನೀಟಾಗಿ ಮಾಡು. ಅವನು ಬಾಗಿಲಲ್ಲಿ ಏನಾದ್ರೂ ಅಂದ್ರೆ ಮಾತ್ರ ನಾನು ಬಿಡೋನಲ್ಲ.”

ಇವರು ಹೀಗೇ ಹೋದರೆ ಬಾಗಿಲಲ್ಲೇ ಜಗಳ, ಒಳಗೆ ಮಲಗಿದ ತಾಯಿಗೆ ಅದು ಕೇಳಿಸುತ್ತದೆ. ಕ್ಷಮೆಯ ಬಗ್ಗೆ ನನಗೆ ಬಾಯಿಪಾಠವಿದ್ದ ಬೈಬಲ್ ವಾಕ್ಯಗಳೆಲ್ಲ ನಾಲಿಗೆಯ ತುದಿಗೆ ಬಂದವು. ಭಾವ ಕನ್ನಡಿಯಲ್ಲಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಮಾತು ನುಂಗಿದೆ. ಮಷೀನ್ ಹಚ್ಚಿದೆ. ಕರ್ತನೇ, ಈ ಅಣ್ಣನ ಬಾಯಿ ಹಿಡಿ, ಆ ತಮ್ಮನ ಮನಸ್ಸು ಕರಗಿಸು ಎಂದು ಬೇಡುತ್ತ ಬೇಡುತ್ತ ನನಗರಿವಿಲ್ಲದೆ ಕಣ್ಣು ಮುಚ್ಚಿದೆ.

ತೆರೆದಾಗ ಪಂಕ್ಚರ್ ಅಣ್ಣನ ಕಿವಿಯ ಮೇಲಿಂದ ನೆತ್ತಿಯವರೆಗೆ ಬೋಳು ಪಟ್ಟೆ. ಕೂದಲು ಬುಡಕ್ಕೇ ಹೋಗದಂತೆ ತಡೆಯುವ ಗಾರ್ಡನ್ನು ಮಷೀನಿಗೆ ಹಾಕಿರಲೇ ಇಲ್ಲ. ಅದು ಮೇಜಿನ ಮೇಲೆ ಬಾಚಣಿಗೆಗಳ ನಡುವೆ ಬಿದ್ದಿತ್ತು.

“ಏನೋ ಇದು?” ಅವರು ಕನ್ನಡಿಗೆ ಮುಖ ತಾಗಿಸಿದರು.

ಭಾವ ಓಡಿಬಂದರು. “ಮಷೀನ್ ಕೆಟ್ಟಿದೆ ಅಣ್ಣ, ಹಳೇದು, ಒಮ್ಮೊಮ್ಮೆ ಹೀಗೆ…” ಎನ್ನುತ್ತ ನನ್ನ ಕಾಲನ್ನು ಮೆಲ್ಲಗೆ ತುಳಿದರು.

ಹೂಂ ಅಂದಿದ್ದರೆ ಮುಗಿದಿತ್ತು. ನಿಜ ಹೇಳಿದರೆ ಕುರ್ಚಿ ಹೋಗುತ್ತದೆ. ಬೇರೆ ಕೆಲಸ ಯಾರು ಕೊಡುತ್ತಾರೆ, ಅಕ್ಕನಿಗೆ ಯಾವ ಮುಖ ತೋರಿಸಲಿ?

“ಮಷೀನ್ ಸರಿಯಾಗೇ ಇದೆ ಅಣ್ಣ. ತಪ್ಪು ನಂದು. ಗಾರ್ಡ್ ಹಾಕೋದು ಮರೆತೆ. ಮೇಲಿಂದ ಕಣ್ಣು ಬೇರೆ ಮುಚ್ಚಿದ್ದೆ.”

“ಕೆಲಸದ ಹೊತ್ತಲ್ಲಿ ನಿದ್ದೆನಾ?”

“ಅಲ್ಲ. ಪ್ರಾರ್ಥನೆ ಮಾಡ್ತಿದ್ದೆ.”

“ಯಾರಿಗೋಸ್ಕರ?”

“ನಿಮಗೋಸ್ಕರ. ನಿಮ್ಮ ತಮ್ಮನಿಗೋಸ್ಕರಾನೂ.”

ಭಾವ ಹಣೆ ಚಚ್ಚಿಕೊಂಡರು. ಪಂಕ್ಚರ್ ಅಣ್ಣನ ಮುಖ ಕೆಂಪೇರಿತು. ಈಗ ಬಿತ್ತು ಏಟು ಎಂದುಕೊಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಏಳಲಿಲ್ಲ. ಕನ್ನಡಿಯಲ್ಲಿ ಆ ಪಟ್ಟೆಯನ್ನೇ ನೋಡುತ್ತ ಕೂತರು.

“ಇನ್ನೇನು ಉಳಿದಿದೆ,” ಎಂದರು ಕಡೆಗೆ. “ಪೂರ್ತಿ ತೆಗಿ.”

ತೆಗೆದೆ. ಈಗಲಾದರೂ ಏನಾದರೂ ಹೇಳೋಣವೆಂದರೆ ಒಂದು ವಾಕ್ಯವೂ ನೆನಪಾಗದು. ಅವರೇ ಮೆಲ್ಲಗೆ ಕೇಳಿದರು, “ತಪ್ಪು ನಂದು ಅಂದ್ಯಲ್ಲ, ಹೇಳೋವಾಗ ಕಷ್ಟ ಆಯ್ತಾ?”

“ಜೀವ ಬಾಯಿಗೆ ಬಂದಿತ್ತು ಅಣ್ಣ.”

“ಈಗ?”

“ಈಗಲೂ ಭಯಾನೇ. ಆದ್ರೆ ಎದೆ ಮೇಲಿನ ಭಾರ ಇಳೀತು.”

ಭಾವ ತಮ್ಮ ಟೋಪಿಯನ್ನೇ ತಂದುಕೊಟ್ಟರು. ಅದನ್ನು ಕಿವಿಯವರೆಗೆ ಎಳೆದುಕೊಂಡು ಪಂಕ್ಚರ್ ಅಣ್ಣ ರಸ್ತೆ ದಾಟಿದರು. ಹಸಿರು ಬಾಗಿಲ ಮುಂದೆ ಹೋಗಿ ನಿಂತವರು ನಿಂತೇ ಇದ್ದರು. ಬೆಲ್ಲಿನತ್ತ ಕೈ ಹೋಯಿತು, ವಾಪಸ್ ಬಂತು.

ನಾನು ಗಾಜಿಗೆ ಅಂಟಿಕೊಂಡಿದ್ದೆ. ಭಾವ ಪಕ್ಕಕ್ಕೆ ಬಂದರು. ಈಗ ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡೆ.

“ಸುಮ್ನೆ ನಿಂತಿದ್ದೀಯಲ್ಲ,” ಎಂದರು. “ಪ್ರಾರ್ಥನೆ ಮಾಡು. ನಾನೂ ಮಾಡ್ತೀನಿ.”

ಇಬ್ಬರೂ ಕಣ್ಣು ಮುಚ್ಚಲಿಲ್ಲ. ಪಂಕ್ಚರ್ ಅಣ್ಣ ಬೆಲ್ ಒತ್ತಿದರು. ಬಾಗಿಲು ತೆರೆದವನು ತಮ್ಮನೇ. ಇವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಏನು ಹೇಳಿದರೋ ನಮಗೆ ಕೇಳಿಸಲಿಲ್ಲ, ಚಿಕ್ಕ ಮಾತು, ತುಟಿ ಆಡಿದ್ದಷ್ಟೇ ಕಂಡಿತು. ತಮ್ಮ ಆ ಬೋಳು ತಲೆಯನ್ನೇ ತುಂಬ ಹೊತ್ತು ನೋಡಿದ. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ.