ಜಡ್ಡುಕೋಳಿಯ ಪಾತ್ರಧಾರಿ

ಹೆಸರಿಗೆ ಭೋಜನ್, ಸಂಪಾದನೆಯಲ್ಲಿ ಮಾತ್ರ ಶುದ್ಧ ಉಪವಾಸ. ಮದರಾಸಿನಲ್ಲಿ ಬಿ.ಎ. ಮುಗಿಸಿ ಊಟಿಯ ಬಳಿಯ ತನ್ನ ಹಟ್ಟಿಗೆ ಮರಳಿದ ಮೇಲೆ ಅವನ ಕೈಯಲ್ಲಿ ಉಳಿದಿದ್ದ ಕಸುಬೆಂದರೆ ಅಣಕ. ಕಲೆಕ್ಟರರ ಕೆಮ್ಮಿನಿಂದ ಹಿಡಿದು ಬೆಟ್ಟದ ರೈಲಿನ ಏದುಸಿರಿನವರೆಗೆ ಎಲ್ಲವೂ ಅವನ ಗಂಟಲಲ್ಲಿತ್ತು. ಮನೆಯ ಒಲೆ ಉರಿಯುತ್ತಿದ್ದುದು ಮಾತ್ರ ಹೆಂಡತಿ ಪಂಕಜಂ ಸಾಕಿದ ಕೋಳಿಗಳಿಂದ. ಬೇಸಗೆಗೆ ಬಿಳಿ ದೊರೆಗಳು ಊಟಿಗೆ ಬಂದರೆ ಅವಳ ಮೊಟ್ಟೆಗಳು ಅವರ ಬೋರ್ಡಿಂಗ್ ಹೌಸುಗಳಿಗೆ ಹೋಗುತ್ತಿದ್ದವು.

ಆ ವರ್ಷ ಗೂಡಲೂರಿನ ಕಡೆಯಿಂದ ಕೋಳಿ ಜಡ್ಡು ಘಾಟಿ ಹತ್ತಿ ಬಂತು. ಅದರ ಬೆನ್ನಿಗೇ ಮೊಟ್ಟೆಯ ಬೆಲೆಯೂ ಹತ್ತಿತು. ಊಟಿಯ ಬಟ್ಲರುಗಳು ಮೊಟ್ಟೆಯನ್ನು ಮುತ್ತಿನಂತೆ ಬೆಳಕಿಗೆ ಹಿಡಿದು ನೋಡಿ ಕೊಂಡುಕೊಳ್ಳತೊಡಗಿದರು. ಪಂಕಜಂ ತನ್ನ ಕೋಳಿಗಳನ್ನು ಅಂಗಳ ದಾಟಲು ಬಿಡಲಿಲ್ಲ.

ಭೋಜನನಿಗೆ ಲೋಕೋದ್ಧಾರದ ಹುರುಪು. ಊಟಿಯಲ್ಲಿ ಪಶುವೈದ್ಯರೊಬ್ಬರ ಭಾಷಣ ಕೇಳಿ ಬಂದಿದ್ದ. ಜಡ್ಡು ತಗುಲಿದ ಕೋಳಿಯನ್ನು ಬೇರೆ ಇಡಿ, ಮಾರಬೇಡಿ, ಸತ್ತದ್ದನ್ನು ಸುಡಿ ಎಂದು ಹಟ್ಟಿ ಹಟ್ಟಿಗೂ ಸಾರಲು ಹೊರಟ. ಬರಿಯ ಮಾತಾದರೆ ಯಾರು ಕೇಳುತ್ತಾರೆ? ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕೊರಳು ತಿರುಚಿ, ಗೊರಗೊರ ಉಸಿರೆಳೆದು, ತೋಳು ಜೋತುಬಿಟ್ಟು ಮಗುಚಿ ಬಿದ್ದ.

“ಇನ್ನೊಂದ್ಸಲ ಸಾಯೋ ಭೋಜ!” ಎಂದು ಮುದುಕ ಭೀಮ ಚಪ್ಪಾಳೆ ಹೊಡೆದ.

“ಏ, ನನ್ನ ಕೋಳಿ ಹಿಂಗಲ್ಲ, ಬಲಕ್ಕೆ ತಿರುಗ್ತದೆ,” ಎಂದು ನೆರೆಮನೆಯ ಅಮ್ಮಣಿ ತನ್ನ ಜಡ್ಡುಕೋಳಿಯನ್ನೇ ತಂದು ಅವನ ಮಡಿಲಿಗೆ ಹಾಕಿದಳು. ಭೋಜನ್ ಅದರ ಕೊರಳು ನೇವರಿಸಿ ನೋಡಿ ತನ್ನ ಅಭಿನಯ ತಿದ್ದಿಕೊಂಡ. ಕಲೆಯಲ್ಲಿ ಅಷ್ಟು ನಿಷ್ಠೆ!

ಹಟ್ಟಿಯೆಂದರೆ ಒಂದೇ ಸಾಲಿನ ಮನೆಗಳು, ಎಲ್ಲರೂ ನೆಂಟರು. ಒಂದು ಹೊಸ್ತಿಲು ದಾಟಿದವನು ಪಕ್ಕದ್ದನ್ನು ಬಿಟ್ಟರೆ ಮುನಿಸು. ಹಾಗಾಗಿ ಭೋಜನ್ ಸಾಲಿನ ಆ ತುದಿಯವರೆಗೆ ಎಲ್ಲ ಮನೆಗೂ ಹೊಕ್ಕು, ಕಾಪಿ ಕುಡಿದು, ಕೋಳಿ ಎತ್ತಿ ನೋಡಿ ಬಂದ. ಮುಂದಿನ ಹಟ್ಟಿಯಲ್ಲೂ ಅದೇ ಉಪಚಾರ. ಅವನು ಹೋದಲ್ಲೆಲ್ಲ ನಗು ಮೊದಲು ಬಂತು, ಜಡ್ಡು ಆಮೇಲೆ. ರೋಗಕ್ಕಿಂತ ತಾನೇ ಒಂದು ಹೆಜ್ಜೆ ಮುಂದಿದ್ದೇನೆಂದು ಅವನು ಬೀಗಿದ.

ಸಂಜೆ ಮನೆಗೆ ಬಂದವನೇ ಪಂಕಜಂ ಸಾಕಿದ ಕೋಳಿಗಳ ನಡುವೆ ಕೂತು ಹೊಸ ವರಸೆ ಅಭ್ಯಾಸ ಮಾಡುತ್ತಿದ್ದ. ಅವು ಕತ್ತು ಕೊಂಕಿಸಿ ನೋಡುತ್ತಿದ್ದವು. ಒಂದು ಬೆಳಿಗ್ಗೆ ಅವೇ ಅವನನ್ನು ಅಣಕಿಸಿದವು: ಕೊರಳು ತಿರುಚಿ, ಗೊರಗೊರ ಎಂದು, ರೆಕ್ಕೆ ಜೋತುಬಿಟ್ಟು. ಅವನಿಗಿಂತ ಚೆನ್ನಾಗಿಯೇ ಮಾಡಿದವು. ಮಗುಚಿ ಬಿದ್ದವು ಮತ್ತೆ ಏಳಲಿಲ್ಲ.

ಉಳಿದದ್ದು ಅಟ್ಟದಲ್ಲಿ ಕಾವಿಗೆ ಕೂತಿದ್ದ ಚುಕ್ಕೆ ಹೇಂಟೆ ಒಂದೇ. ಅದೂ ಹೋದರೆ ಒಲೆ ಆರಿದಂತೆಯೇ. ನೋಡಲು ಓಡಿದ ಭೋಜನನಿಗೆ ಪಂಕಜಂ ಬಾಗಿಲಲ್ಲಿ ಅಡ್ಡ ನಿಂತಳು.

“ಅಲ್ಲೇ ನಿಲ್ಲಿ. ಎಷ್ಟು ಮನೆಯ ಜಡ್ಡುಕೋಳಿ ಮಡಿಲಲ್ಲಿಟ್ಟುಕೊಂಡಿರಿ? ಮುಟ್ಟಿದವರ ಬಗ್ಗೆ ಆ ಡಾಕ್ಟರು ಏನೂ ಹೇಳಲಿಲ್ವಾ?”

ಹೇಳಿದ್ದರು. ಮುಟ್ಟಿದವರು ಕೈಕಾಲು ತೊಳೆಯಬೇಕು, ಬಟ್ಟೆ ಬದಲಿಸಬೇಕು, ಬೇರೆ ಕೋಳಿಯ ಹತ್ತಿರ ಸುಳಿಯಬಾರದು ಎಂದು. ಆ ಹೊತ್ತಿಗೆ ಭೋಜನ್ ಅವರ ಮೂಗಿನ ದನಿಯನ್ನು ಕಂಠಪಾಠ ಮಾಡುತ್ತಿದ್ದ. ದನಿ ಅಂದೇ ಬಂದಿತ್ತು. ಮಾತು ಇಂದು ಬಂತು.

“ನಾನೇ ತಂದೆನೆ, ಪಂಕಜಾ?”

ಅವಳು ಅವನ ಕಂಬಳಿಯನ್ನು ಹೊರಗೆಸೆದು ಕದ ಹಾಕಿಕೊಂಡಳು. ಬಿ.ಎ. ಪದವೀಧರ ದನದ ಕೊಟ್ಟಿಗೆಗೆ ಬಡ್ತಿ ಪಡೆದ.

ಮರುದಿನ ಭೀಮ ಕೋಲೂರಿಕೊಂಡು ಬಂದ. “ಒಂದು ಹೇಂಟೆ ಉಳಿದದೆಯಂತಲ್ಲ, ನೋಡಿ ಹೋಗ್ತೀನಿ.”

“ಬೇಡ ಮಾಮ. ಒಳಗೆ ಕಾಲಿಡಬೇಡ,” ಎಂದ ಭೋಜನ್ ಕೊಟ್ಟಿಗೆಯಿಂದ.

ಭೀಮ ಹಲ್ಲಿಲ್ಲದ ಬಾಯಿ ತುಂಬ ನಕ್ಕ. “ಇದು ಯಾರ ದನಿಯೋ? ಗುರುತೇ ಸಿಗವಲ್ದು!”

“ನನ್ದೇ, ಮಾಮ.”

ಮುದುಕ ಅವನ ಮುಖವನ್ನು ದಿಟ್ಟಿಸಿದ. ನಗು ಅರ್ಧಕ್ಕೇ ನಿಂತಿತು. ಎತ್ತಿದ ಕಾಲನ್ನು ಹಿಂದಕ್ಕಿಟ್ಟು ದಾರಿಗಿಳಿದ.

ಅಟ್ಟದ ಮೇಲೆ ಹೇಂಟೆ ಲೊಕ್ ಲೊಕ್ ಎಂದಿತು. ಅದರದೇ ದನಿಯಲ್ಲಿ ಉತ್ತರ ಕೊಡಲು ಭೋಜನನ ಗಂಟಲು ತುರಿಸಿತು. ಅವನು ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಕೂತ.