ಭಜನಿ ವಹಿಯ ಅಂಚು

ಮೊದಲ ಹೇಳಿಬಿಡ್ತೀನಿ, ನಾ ಮಾಡಿದ್ದು ಹಲಕಟ್ ಕೆಲಸ. ಓದಿಕೊಂತ ಹೋಗಿ ಆಮ್ಯಾಲ "ಪಾಪ, ಹುಡುಗಿಗೆ ಗೊತ್ತಾಗಲಿಲ್ಲ" ಅಂತ ಅನಬ್ಯಾಡ್ರಿ. ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ನನ್ನ ಹೆಸರು ಉಡಚವ್ವ. ಮನಿ ಬ್ಯಾಡಗಿ. ಅಪ್ಪ ಮೆಣಸಿನಕಾಯಿ ಇಡೋ ಕೋಲ್ಡ್ ಸ್ಟೋರೇಜಿನಾಗ ಮಷೀನ್ ನೋಡ್ಕೋತಾನ, ಅದಕ್ಕ ನಮ್ಮ ಮನಿ ಹಾಸಿಗಿಗೂ ಖಾರದ ವಾಸನಿ. ನಾ ಹಾವೇರಿಯೊಳಗ ಚಿತ್ರಕಲಾ ಕಾಲೇಜಿನ ಕಡೀ ವರ್ಷದಾಗಿದ್ದೆ. ಅಲ್ಲಿ ಹಾಜರಿ ಪುಸ್ತಕ ಒಂದ ಬಿಟ್ರ ಬ್ಯಾರೆ ಎಲ್ಲೂ ನಾ ಉಡಚವ್ವ ಅಲ್ಲ. ಚಿತ್ರದ ಮ್ಯಾಲ "ಉದಿತಾ" ಅಂತ ಬರೀತಿದ್ದೆ. ಉಡಚವ್ವ ಅನ್ನೋದು ನಮ್ಮವ್ವನ ಅಪ್ಪ, ಹಲಗೇರಿ ಹಾಲಸಿದ್ದಪ್ಪಜ್ಜ, ತನ್ನ ಅವ್ವನ ನೆನಪಿಗೆ ನನಗ ಇಟ್ಟ ಹೆಸರು. ಗ್ರೂಪ್ ಶೋದ ಕಾರ್ಡಿನಾಗ ಅಂಥಾ ಹೆಸರು ನೋಡಿ ಯಾರು ಬರ್ತಾರ ಅಂತ ನನಗ ನಾಚಿಕಿ. ನಾಚಿಕಿ ಪಡಬೇಕಾದ್ದು ಬ್ಯಾರೇನ ಇತ್ತು, ಅದು ಆಮ್ಯಾಲ ತಿಳೀತು.

ನಾವು ಐದು ಮಂದಿ ಗೆಳತ್ಯಾರು ಕೂಡಿ ವರ್ಷಕ್ಕ ಎರಡು ಗ್ರೂಪ್ ಶೋ ಮಾಡ್ತಿದ್ದಿವಿ. ಬರೋ ಮಂದಿಗಿಂತ ಚಹಾದ ಕಪ್ಪ ಜಾಸ್ತಿ. ನನ್ನ ಆಯಿಲ್ ಪೇಂಟಿಂಗ್ ಮುಂದ ನಿಂತು ಸೆಲ್ಫಿ ತಗೊಂಡು, ಬೆನ್ನು ತೋರಿಸಿ ಹೋಗಾವ್ರು. ಒಂದ ಸಲ ಸುಮ್ನ, ಅವ್ವನ ಹಳೇ ಸೀರಿ ಹಚ್ಚಿ, ಉಳಿದ ಡ್ರಾಯಿಂಗ್ ಹಾಳಿ ಹೊಲದು ಒಂದು ಪುಸ್ತಕ ಕಟ್ಟಿ ಇಟ್ಟಿದ್ದೆ. ಬಂದಾವ್ರೆಲ್ಲ ಅದನ್ನ ಕೈಯಾಗ ಹಿಡಕೊಂಡು ಸವರಿ ನೋಡಿದ್ರು. ಅವತ್ತ ಠರಾಯಿಸಿದೆ, ನನ್ನ ದಾರಿ ಇದ ಅಂತ.

ಕಲಿಯಾಕ ಶನಿವಾರಕ್ಕೊಮ್ಮೆ ರೈಲು ಹತ್ತಿ ರಾಣೆಬೆನ್ನೂರಿಗೆ, ಗುಲಾಬಬಿ ಚಾಚಿ ಹಂತ್ಯಾಕ ಹೋಗ್ತಿದ್ದೆ. ಚಾಚಿ ನಲವತ್ತು ವರ್ಷದಿಂದ ಬೈಂಡಿಂಗ್ ಮಾಡ್ತಾಳ. ಕುರಾನು, ಪುರಾಣ, ಸಾಲಿ ಲೈಬ್ರರಿ ಪುಸ್ತಕ, ವಕೀಲರ ಪುಸ್ತಕ, ಎಲ್ಲಾನೂ ಅಕಿ ತೊಡಿ ಮ್ಯಾಲ ಹಾದು ಹೋಗ್ಯಾವ. ಮೊದಲನೇ ದಿನ ನನ್ನ ಕೈಯಾಗ ದಬ್ಬಣ ಕೊಡೂಕಿಂತ ಮೊದಲ ಎರಡು ಮಾತು ಹೇಳಿದ್ಲು.

"ಒಂದು, ಮೈದಾ ಗಂಜಿ ಬಿಟ್ಟು ಬ್ಯಾರೆ ಅಂಟು ಮುಟ್ಟಬ್ಯಾಡ. ನೀ ಕಟ್ಟಿದ್ದನ್ನ ನಾಳೆ ಇನ್ನೊಬ್ಬಾಂವ ನೀರು ಹಚ್ಚಿ ಬಿಚ್ಚಿ ಮತ್ತ ಕಟ್ಟಬೇಕು, ಬೇಟಿ. ಎರಡು, ಛಾಪಾ ಪುಸ್ತಕದ ಅಂಚು ಬೇಕಾದಷ್ಟು ಕೊಯ್ಯಿ, ಕೈಬರಹಕ್ಕ ಮಾತ್ರ ಕತ್ತಿ ಹಚ್ಚಬ್ಯಾಡ. ಬರದವನ ಕೈ ಎಲ್ಲೆಲ್ಲಿ ಹೋಗಿರ್ತೈತೋ ಅಲ್ಲಾಹನಿಗ ಗೊತ್ತು."

ನಾ ತಲಿ ಅಲ್ಲಾಡಿಸಿದೆ. ತಲಿ ಅಲ್ಲಾಡಿಸೂದ್ರಾಗ ನಾ ಮೊದಲಿಂದ್ಲೂ ಹುಷಾರು.

ಹಾಲಸಿದ್ದಪ್ಪಜ್ಜ ಹಲಗೇರಿ ಭಜನಿ ಮೇಳದಾಗ ಮುಂದ ಹಾಡಾಂವ. ಅಜ್ಜ ಒಂದು ನುಡಿ ಎತ್ತಿದ್ರ ಉಳಿದಾವ್ರು ಹಿಂದ ಹೇಳ್ತಿದ್ರು. ಸಣ್ಣಾಕಿದ್ದಾಗ ಸೂಟಿಗೆ ಹೋದ್ರ ಅವನ ತೊಡಿ ಮ್ಯಾಲ ನನ್ನ ಜಾಗ. "ಜ್ವಾಳ ಹಸನ ಮಾಡಿದೆ, ಮನಿ ಹಸನ ಮಾಡಿದೆ, ಮನಸ ಒಂದ ಬಿಟ್ಟೆನೋ" ಅಂತ ಅಜ್ಜ ತಾನ ಕಟ್ಟಿದ ಪದ ಒಂದಿತ್ತು. ಅದನ್ನ ನಾ ಹೇಳಿದ್ರ ಇಡೀ ಮೇಳ ನಗೂದು. ಹೋದ ವರ್ಷ ಅಜ್ಜ ತೀರಿಕೊಂಡ. ಅವನ ಜಾಗಾದಾಗ ಈಗ ಹೊಳಿಯಪ್ಪ ಮಾವ, ಅಂದ್ರ ನಮ್ಮವ್ವನ ತಮ್ಮ, ಹಾಡಬೇಕು. ಮಾವನ ದನಿ ಚಲೋ ಐತಿ, ಆದ್ರ ಅವಸರ. ಹಿಂದ ಬರಾವ್ರನ್ನ ಬಿಟ್ಟು ಹಗ್ಗ ಹರಕೊಂಡ ಎತ್ತಿನಂಗ ಓಡ್ತಾನ. ಅಜ್ಜ ಇನ್ನೂ ಇದ್ದಾಗ ಒಮ್ಮೆ ದೇವರಗುಡ್ಡದಾಗ ಹಾಡಿನ ನಡುವ ದಾರಿ ತಪ್ಪಿ ನಿಂತುಬಿಟ್ಟಿದ್ದನಂತ, ಮಂದಿ ನಕ್ಕಿದ್ರಂತ.

ಆ ಮಾವ, ಅಜ್ಜ ತನ್ನ ಕೈಲೆ ಪದ ಬರದಿಟ್ಟ ಭಜನಿ ವಹಿ ತಂದು ನನ್ನ ಕೈಯಾಗ ಇಟ್ಟ. ಹೊಲಿಗಿ ಬಿಚ್ಚಿ ಹಾಳಿ ಉದುರತಿದ್ವು, ದೀಪದ ಎಣ್ಣಿ ಕುಡದು ಅಂಚು ಕಂದಿದ್ವು.

"ಉಡಚವ್ವಾ, ಇದರಾಗ ಅಪ್ಪ ಅದಾನ. ಹುಷಾರ್ಲೆ ಕಟ್ಟು. ಮೂರು ಸೋಮವಾರದ ಭಜನಿ ವಹಿ ಇಲ್ಲದ ಹ್ಯಾಂಗೋ ಸಂಬಾಳಿಸ್ತೀನಿ," ಅಂದ.

"ಮಾವಾ, ಇದನ್ನ ನಮ್ಮ ಶೋದಾಗ ಇಡಲೇನು?" ಅಂತ ಕೇಳಿದೆ. ಮಾವನ ಮಾರಿ ಅರಳಿತು. "ಅಪ್ಪನ ವಹಿ ಹಾವೇರ್ಯಾಗ? ಇಡು. ನಾವೂ ಬರ್ತೀವಿ," ಅಂದ.

ಹೊಲಿಗಿ ಚಲೋ ಹಾಕಿದೆ, ಸುಳ್ಳ ಯಾಕ ಹೇಳ್ಲಿ. ಆದ್ರ ಶೋಕ್ಕ ನಾಕ ದಿನ ಉಳಿದಿತ್ತು. ನಮ್ಮ ಕಿರಣಕುಮಾರ ಸರ್, ಕಾಲೇಜಿನಾಗ ಕಲಿಸಾವ್ರು, ಬಂದು ನೋಡಿ, "ಅಂಚು ಹೊಲಸ ಕಾಣ್ತದ ಉದಿತಾ, ಫಿನಿಶಿಂಗ್ ಇಲ್ಲ," ಅಂದು ಹೋದ್ರು. ಹಾಳಿ ಹೆಚ್ಚುಕಡಿಮಿ ಇದ್ವು. ಅದರ ಮ್ಯಾಲ ಎಲ್ಲಾ ಹಾಳಿ ಅಂಚಿನಾಗ ಪೆನ್ಸಿಲ್ಲಿನ ಗೀಚು. ವಹಿ ಅಡ್ಡ ತಿರುವಿ ಉದ್ದಕ್ಕ ಏನೇನೋ ಬರದಂಗಿತ್ತು, ಮುದುಕರ ನಡಗೋ ಕೈ. ಒಂದ ಓದಿದೆ. "ಸಾವಕಾಶ" ಅಂತಿತ್ತು. ಅಷ್ಟ ಓದಿ ಮುಚ್ಚಿದೆ. ಚಾಚಿ ಮಾತು ನೆನಪಾತು, ಆಗಲಿಲ್ಲ ಅಂದ್ರ ಬಾಯಾಗ ಹುಳ ಬೀಳ್ತಾವ. ನೆನಪಾದ್ರೂ ವಹಿ ಬಗಲಾಗ ಇಟಗೊಂಡು ಹಾವೇರ್ಯಾಗ ಒಂದು ಪ್ರೆಸ್ಸಿಗೆ ಹೋಗಿ, "ಮೂರೂ ಕಡೆ ಹೆಬ್ಬಟ್ಟು ಅಗಲ ತಗೀರಿ," ಅಂದೆ. ಕಟಿಂಗ್ ಮಷೀನು ಮೂರ ಸಲ ಇಳೀತು. ವಹಿ ಹೊಸ ಸಾಬಾನಿನಂಗ ನುಣ್ಣಗ ಹೊರಗ ಬಂತು.

ಅಲ್ಲಿಗೆ ಬಿಟ್ಟಿದ್ರೂ ಒಂದು ಮಾತು. ಕೆಳಗ ಬಿದ್ದ ಉದ್ದುದ್ದ ಚೂರು ಕಂದಗ, ನಡುವ ಪೆನ್ಸಿಲ್ಲಿನ ಗೆರಿ, ರಂಟಿ ಹೊಡದ ಹೊಲ ಇದ್ದಂಗ ಕಂಡ್ವು. ಕ್ಯಾರಿಬ್ಯಾಗಿನಾಗ ತುಂಬಕೊಂಡು ಬಂದೆ. ದೊಡ್ಡ ಹಲಗಿ ಮ್ಯಾಲ ಒಂದರ ಮಗ್ಗಲಕ ಒಂದು ಅಂಟಿಸಿದೆ. ಕೆಲವು ನೆಟ್ಟಗ, ಕೆಲವು ತಲಿಕೆಳಗ. ಅವಸರಕ್ಕ ಮೈದಾ ಗಂಜಿ ಯಾರು ಕಾಸ್ತಾರ, ಡಬ್ಬಿ ಅಂಟು ಬಡದೆ. ನಡುನಡುವ ಕೆಂಪು ಮಣ್ಣಿನ ಬಣ್ಣ. ಮೂಲ್ಯಾಗ ದಪ್ಪ ಕರೀ ಬಣ್ಣದಾಗ "ಉದಿತಾ". ಚಿತ್ರದ ಹೆಸರು "ಹೊಲಗಳು".

ಕಿರಣಕುಮಾರ ಸರ್ ನೋಡಿ ಹಿಂದಕ್ಕ ಸರದು, ಮುಂದಕ್ಕ ಬಂದು, ಮತ್ತ ಹಿಂದಕ್ಕ ಸರದ್ರು. "ಬೆಂಗಳೂರಿನ ಶೋಕ್ಕ ಇದನ್ನ ಕಳಸೂಣು," ಅಂದ್ರು. ನನ್ನ ಕಾಲು ನೆಲಕ್ಕ ಹತ್ತಲಿಲ್ಲ.

ಶೋದ ದಿನ ಮಧ್ಯಾಹ್ನ ಮಾವ ಮೇಳದ ಮೂರು ಮಂದೀನ ಕರಕೊಂಡು ಬಂದ. ಧೋತರ, ಟೊಪಗಿ. ಶೋ ನಡದಿದ್ದ ಹಾಲ್‌ನ ಬಾಗಲದಾಗ ನಾಕೂ ಮಂದಿ ಚಪ್ಪಲಿ ಬಿಟ್ಟು ಒಳಗ ಬಂದ್ರು, ಗುಡಿಗೆ ಬಂದಂಗ. ನಮ್ಮ ಗೆಳತ್ಯಾರು ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಸರ್ "ಯಾರಿವ್ರು?" ಅಂದ್ರು. "ನಮ್ಮೂರ ಕಡೆಯವ್ರು ಸರ್," ಅಂದೆ. "ನಮ್ಮ ಮಾವ" ಅಂತ ಹೇಳಲಿಲ್ಲ. ಇದನ್ನ ಬರಿಯೋವಾಗ್ಲೂ ಕೈ ಹಿಂದ ಸರೀತೈತಿ.

ಈ ವಹಿ ನೋಡಿ ಹಾಡೋ ಮೇಳದಾವ್ರು ಅಂತ ತಿಳದು ಸರ್‌ಗೆ ಖುಷಿಯೋ ಖುಷಿ. ಗಾಜಿನ ಪೆಟಗಿಯಿಂದ ವಹಿ ತಗದು ಮಾವನ ಕೈಯಾಗ ಕೊಟ್ಟು, "ಒಂದು ಹಾಡ್ರಿ ಯಜಮಾನ್ರ," ಅಂದ್ರು. ಮಂದಿ ಸುತ್ತ ನಿಂತ್ರು. ಮಾವ ವಹಿ ಹಣಿಗೆ ಹಚ್ಚಿಕೊಂಡು ತಗದ. ಬಾಯಿ ತೆರದು, ಹಾಡೂಕಿಂತ ಮೊದಲ ವಹಿ ಅಡ್ಡ ತಿರುವಿದ.

ಅಲ್ಲಿ ಏನೂ ಇರಲಿಲ್ಲ.

ಇನ್ನೊಂದು ಹಾಳಿ ತಿರುವಿದ, ಮತ್ತ ಅಡ್ಡ ಹಿಡದ. ತೋರಬೆರಳು ಅಂಚಿನ ಗುಂಟ ಸರದು ಹಾಳಿ ದಾಟಿ ಗಾಳ್ಯಾಗ ಹೋತು. ಆಮ್ಯಾಲ ತಲಿ ಎತ್ತಿ ನನ್ನ ನೋಡಿದ. ನಾ ಫ್ಯಾನಿನ ಸ್ವಿಚ್ ನೋಡಿದೆ.

"ಚಾಳೀಸ ಮರತ ಬಂದೇನ್ರಿ ಸರ್, ಕಾಣವಲ್ದು," ಅಂದ ಮಾವ. ಚಾಳೀಸ ಅವನ ಅಂಗಿ ಕಿಸೇದಾಗ ಎಲ್ಲಾರಿಗೂ ಕಾಣೂವಂಗಿತ್ತು. ನೆಲಾ ಬಾಯಿ ಬಿಟ್ರ ಒಳಗ ಹೋಗಿಬಿಡ್ತಿದ್ದೆ.

ಮಂದಿ ಚದುರಿದ್ರು. ಮಾವ ಸುಮ್ನ ಗ್ವಾಡಿ ಗುಂಟ ನಡಕೊಂತ "ಹೊಲಗಳು" ಮುಂದ ಬಂದು ನಿಂತ. ಕಿಸೇದಾಗಿನ ಚಾಳೀಸ ತಗದು ಹಾಕ್ಕೊಂಡ. ಕುತ್ತಿಗಿ ವಾರಿ ಮಾಡಿ, ಬೆರಳು ಹಚ್ಚಿ, ಸಣ್ಣ ಹುಡುಗೂರಂಗ ಅಕ್ಷರ ಕೂಡಿಸಿಕೊಂಡು ಓದಿದ.

"ಹೊಳಿಯಾ, ಇಲ್ಲಿ ಉಸರ ತಗೋ."

ಇನ್ನೊಂದು ಚೂರು. "ಹೊಳಿಯಾ, ಅವಸರ ಮಾಡಬ್ಯಾಡ. ಮಂದಿ ನಿನ್ನ ಹಿಂದ ಬರಾಕತ್ತಾರ."

ಆವಾಗ ತಿಳೀತು ನನಗ. ಅಜ್ಜ ತಾ ಹೋಗೋದು ಗೊತ್ತಾಗಿ, ಕಡೀ ದಿನದಾಗ ಕುಂತು, ಎಲ್ಲೆಲ್ಲಿ ಮಗ ಎಡವತಾನೋ ಅಲ್ಲಲ್ಲಿ ಬರದು ಇಟ್ಟು ಹೋಗಿದ್ದ. ಯಾವ ಧಾಟಿ, ಎಲ್ಲಿ ಏರಸಬೇಕು, ಎಲ್ಲಿ ನಿಲ್ಲಬೇಕು. ನಾ ಅದನ್ನ ಕೊಯ್ದು ಹೊಲ ಮಾಡಿದ್ದೆ.

ಮಾವನ ದನಿ ಹೊರಗ ಬಂತು. ಚಿತ್ರದ ಮುಂದ ನಿಂತು, ಗ್ವಾಡಿ ನೋಡಿಕೊಂತ ಹಾಡಿದ. "ಉಸರ ತಗೋ" ಅಂತಿದ್ದಲ್ಲಿ ಉಸರ ತಗೊಂಡ. ಅವಸರ ಮಾಡಲಿಲ್ಲ. ಮೇಳದಾವ್ರು ಹಿಂದ ಹೇಳಿದ್ರು, ಕಣ್ಣಾಗ ನೀರು ಇಳಿತಿದ್ರೂ ಮಾವ ನಿಲ್ಲಿಸಲಿಲ್ಲ. ಮುಗದ ಮ್ಯಾಲ ಹಾಲ್ ತುಂಬ ಚಪ್ಪಾಳಿ. ಸರ್ ಎಲ್ಲಾ ಮೊಬೈಲಿನಾಗ ಹಿಡಕೊಂಡಿದ್ರು.

"ಉದಿತಾ, ಹಿಂಗ ಹಾಡಸೂದು ಮೊದಲ ಪ್ಲ್ಯಾನ್ ಮಾಡಿದ್ದೇನು?" ಅಂದ್ರು.

ಮಾವ ಅಲ್ಲೇ ಇದ್ದ. ಕೇಳಾಕತ್ತಿದ್ದ.

"ಹೌದ್ರಿ ಸರ್," ಅಂದೆ.

ಹೋಗೂ ಮುಂದ ಮಾವ ವಹಿ ಬಗಲಾಗ ಇಟಗೊಂಡು, "ಹೊಲಿಗಿ ಗಟ್ಟಿ ಹಾಕೀದಿ," ಅಂದ. ಅಷ್ಟ. ಕಪಾಳಕ್ಕ ಒಂದು ಬಿಟ್ಟಿದ್ರ ಚಲೋ ಇತ್ತು, ಅತ್ತು ಮರೀಬಹುದಿತ್ತು. ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ ಅಂತಾರ. ನಂದು ಒಂದು "ಹೌದ್ರಿ"ಗೆ ಹೋತು.

ಶನಿವಾರ ರಾಣೆಬೆನ್ನೂರಿಗೆ ಹೋಗಿ ಚಾಚಿ ಮುಂದ ಎಲ್ಲಾ ಹೇಳಿದೆ. ಬೈತಾಳ ಅಂತ ಕುತ್ತಿಗಿ ಬಗ್ಗಿಸಿ ಕುಂತಿದ್ದೆ. ಚಾಚಿ ದಬ್ಬಣ ಕೆಳಗಿಟ್ಟು ಒಂದ ಮಾತು ಕೇಳಿದ್ಲು.

"ಯಾವ ಅಂಟು ಹಚ್ಚೀದಿ?"

ಹೇಳಿದೆ.

"ಅದು ಬಿಡಂಗಿಲ್ಲ. ಕೀಳಾಕ ಹೋದ್ರ ಅಕ್ಷರನೂ ಕಿತ್ತು ಬರ್ತಾವ."

"ಮತ್ತ ಏನ ಮಾಡ್ಲಿ ಚಾಚಿ?"

"ನನ್ನ ಯಾಕ ಕೇಳ್ತಿ? ಯಾರ ವಹಿ ಕೊಯ್ದಿಯೋ ಅವನ್ನ ಕೇಳು," ಅಂದು ಮತ್ತ ದಬ್ಬಣ ಎತ್ತಿಕೊಂಡ್ಲು.

ಸೋಮವಾರ ಮುಂಜಾನೆ ಕಿರಣಕುಮಾರ ಸರ್ ಮುಂದ ನಿಂತು ಖರೇ ಹೇಳಿದೆ. ಪ್ಲ್ಯಾನ್ ಇರಲಿಲ್ಲ, ಅಂವ ನಮ್ಮ ಸೋದರಮಾವ, ಅದು ನಮ್ಮಜ್ಜನ ಕೈಬರಹ, ನಾ ಹೇಳದ ಕೇಳದ ಕೊಯ್ದೇನಿ ಅಂತ. ಬೈದಿದ್ರ ಹಗುರ ಆಗ್ತಿತ್ತು. ಸರ್ ಕಣ್ಣು ಹೊಳದ್ವು. "ಇದನ್ನೂ ಲೇಬಲ್ಲಿನಾಗ ಬರಿ. ಬೆಂಗಳೂರಾಗ ಇಂಥಾ ಕತಿ ಇದ್ರ ಚಿತ್ರದ ತೂಕ ಹೆಚ್ಚಾಗ್ತದ," ಅಂದ್ರು. ಒಂದು ಗಳಿಗಿ, ಖರೇ ಹೇಳ್ತೀನಿ, ಒಂದ ಗಳಿಗಿ ಲೇಬಲ್ಲಿನಾಗ ಏನ ಬರೀಬೇಕು ಅಂತ ಮನಸ್ಸಿನಾಗ ಶುರು ಆತು. ನನ್ನ ಮ್ಯಾಲ ನನಗ ಹೇಸಿಗಿ ಬಂತು. ಹಲಗಿ ಇಳಿಸಿ, ಹಾಸಿಗಿ ಚಾದರದಾಗ ಸುತ್ತಿ ಹೊರಗ ಬಂದೆ. ಸರ್ ಆಮ್ಯಾಲ ನನ್ನ ಕೂಡ ಮಾತಾಡಿಲ್ಲ.

ಬಸ್ಸಿನಾಗ ಕಂಡಕ್ಟರ್, "ಏನವ್ವಾ, ಬಾಗಲಾ ಕಿತ್ತಕೊಂಡ ಹೊಂಟೀಯೇನು?" ಅಂದ. ಮಂದಿ ನಕ್ಕರು. ನಗಲಿ ಅಂತ ಸುಮ್ನಿದ್ದೆ.

ಹಲಗೇರಿ ಮುಟ್ಟಿದಾಗ ದೀಪ ಹಚ್ಚೋ ಹೊತ್ತು. ಗುಡ್ಯಾಗ ಮೇಳದಾವ್ರು ಕುಂತಿದ್ರು. ಎಲ್ಲಾರ ಮುಂದ ಹೇಳಿದೆ, "ಮಾವಾ, ಅಂಚು ಕೊಯ್ದಾಕಿ ನಾನ. ಅವತ್ತ ಸರ್ ಮುಂದ ಸುಳ್ಳ ಹೇಳಿದಾಕಿನೂ ನಾನ. ಇವು ಕಿತ್ತು ಬರಂಗಿಲ್ಲ. ಹಲಗೀನ ತಂದೇನಿ."

ಮಾವ ಎದ್ದು ಹಲಗಿ ಇಸಗೊಂಡು ಗ್ವಾಡಿಗೆ ಆನಿಸಿ ಇಟ್ಟ. ತಾಳ ಬಡಿಯೋ ಕನಕಪ್ಪಣ್ಣ ಬ್ಯಾಟರಿ ಬೆಳಕು ಹಿಡದ. ಮಾವ ಒಂದು ಪದ ತಗೀತಿದ್ದ, ನಾ ಮೊಣಕಾಲ ಮ್ಯಾಲ ಕುಂತು ಅದರ ಚೂರು ಹುಡುಕಿ ಓದತಿದ್ದೆ. ತಲಿಕೆಳಗ ಅಂಟಿಸಿದ್ದಕ್ಕ ತಲಿ ನೆಲಕ್ಕ ಹಚ್ಚಿ ಓದಬೇಕಾತು. ಹಂಗ ನಾಕು ಪದ ಆದ್ವು. ಒಂದರಾಗೂ ಮಾವ ದಾರಿ ತಪ್ಪಲಿಲ್ಲ.

ಆಮ್ಯಾಲ ಕನಕಪ್ಪಣ್ಣನ ಬ್ಯಾಟರಿ ಮೂಲಿಗೆ ಬಂತು. ಈ ಸಲ ಅಂವ ಓದಿದ. "ಹೊಳಿಯಾ, ಜ್ವಾಳ ಹಸನದ ಪದ ನೀ ಹೇಳಬ್ಯಾಡ," ಅಂತ ಓದಿ ತಡದ. "ಇಲ್ಲಿ ಯಾರದೋ ಹೆಸರೈತಿ, ಅದರ ಮ್ಯಾಲ ಕರೀ ಬಣ್ಣ ಬಡದಾರ. ಮುಂದ ಬರದದ್ದು, ಬಂದ್ರ ಅಕಿಗೆ ಬಿಡು. ಧಾಟಿ... ಇದರ ಮ್ಯಾಲೂ ಬಣ್ಣ. ಯಾರ್ಲೆ ಇಕಿ, ಉದಿತಾ ಅಂದ್ರ?"

ಮಾವಗ ಗೊತ್ತಿತ್ತು. ಆದ್ರೂ ಹೇಳಲಿಲ್ಲ, ನನ್ನ ಕಡೆ ನೋಡಿಕೊಂತ ಕುಂತ.

"ನಾನ ರೀ," ಅಂದೆ. "ಆ ಬಣ್ಣದ ಬುಡಕ ಇರೋ ಉಡಚವ್ವನೂ ನಾನ."

ಮಾವ ವಹಿ ತಗದು, ಆ ಪದದ ಹಾಳಿ ಹುಡುಕಿ, ನನ್ನ ಮುಂದ ಇಟ್ಟ. ಅಕ್ಷರ ಎಲ್ಲಾ ಇದ್ವು, ಹೊಲಿಗಿ ನಂದ, ಗಟ್ಟಿ ಇತ್ತು. ಕನಕಪ್ಪಣ್ಣ ತಾಳ ಶುರು ಮಾಡಿದ. "ಜ್ವಾಳ ಹಸನ ಮಾಡಿದೆ" ಅಂತ ಕಣ್ಣಿಗೆ ಕಾಣಾಕತ್ತಿತ್ತು, ದನಿ ಎಲ್ಲಿಂದ ಎತ್ತಬೇಕು ಅನ್ನೋದ ನೆನಪಿಗೆ ಬರವಲ್ದು. ಸಣ್ಣಾಕಿದ್ದಾಗ ನಿದ್ದಿಗಣ್ಣಾಗೂ ಹೇಳ್ತಿದ್ದೆ. ಎಲ್ಲಾರೂ ಹಿಂದ ಹೇಳಾಕ ಬಾಯಿ ತೆರಕೊಂಡು ಕಾಯಾಕತ್ತಿದ್ರು.

"ಉಸರ ತಗೋ," ಅಂದ ಮಾವ.

ತಗೊಂಡೆ. ಧಾಟಿ ಬರಲಿಲ್ಲ. ಕನಕಪ್ಪಣ್ಣ ತಾಳ ನಿಲ್ಲಿಸಲಿಲ್ಲ.