ಗಾರ್ನೋ ಸಾಹೇಬರ ಹೊಸವರ್ಷದ ಕೈಕುಲುಕು

"ಹಲಗೆ ಬುಡ್ಲಾ, ಸೋಂಬೇರಿ ನನ್ಮಗನೆ. ಅದೇನ್ ನಿನ್ನ ಎಂಡ್ರಾ, ತಬ್ಕೊಂಡ್ ನಿಂತಿದೀಯಲ್ಲ?"

ಮೇಸ್ತ್ರಿ ರೊಬೆರ್ಜ್ ಹೀಗೆ ಕೂಗಿದ್ದು ನನ್ನ ತಮ್ಮ ಗಿಲೆನ್‌ಗೆ. ಗಿಲೆನ್ ಬಿಡಲಿಲ್ಲ. ಬಿಡಲಾಗಲಿಲ್ಲ. ಹಿಡಿದ ಮುಷ್ಟಿ ಹಲಗೆಗೆ ಕಚ್ಚಿಕೊಂಡಿತ್ತು. ಗರಗಸ ಹಲಗೆಯನ್ನು ಎಳೆದುಕೊಂಡಿತು, ಜೊತೆಗೆ ಅವನ ಎರಡು ಬೆರಳನ್ನೂ. ಯಂತ್ರ ಪೂರ್ತಿ ನಿಲ್ಲುವ ಮೊದಲೇ ರೊಬೆರ್ಜ್ ಅವನ ಬಾಯಿ ಮೂಸಿದ. ಕುಡಿದಿದ್ದ ಅಂತ ಮಿಲ್ಲಿನ ಪುಸ್ತಕದಲ್ಲಿ ಬರೆದ. ಅವತ್ತು ಅವನು ಕುಡಿದಿದ್ದು ನಾನೇ ಕಾಸಿಕೊಟ್ಟ ಕಾಫಿ.

ಸಗನೆ ನದಿಯ ಈ ದಂಡೆಯಲ್ಲಿ ನಮ್ಮಂಥ ಮನೆಗಳು ಬೇಕಾದಷ್ಟಿವೆ. ವಯಸ್ಸು ಮೂವತ್ತಾಗುವ ಹೊತ್ತಿಗೆ ರೆಪ್ಪೆ ಜೋತು ಬೀಳುತ್ತೆ, ನಾಲಗೆ ದಪ್ಪವಾಗುತ್ತೆ, ಹಿಡಿದ ಕೈ ಬೇಗ ಬಿಚ್ಚುವುದಿಲ್ಲ. ಊರು ನಮ್ಮನ್ನು ಕುಡುಕರು ಅಂದಿತು, ಮೈಗಳ್ಳರು ಅಂದಿತು. ನಮ್ಮಪ್ಪನನ್ನು ಪಾದ್ರಿ ಪೂಜೆಯ ನಡುವೆ ಎಬ್ಬಿಸಿ ನಿಲ್ಲಿಸಿ, ದೇವರ ಎದುರೂ ತೂಕಡಿಸ್ತೀಯಾ ಅಂತ ಉಗಿದಿದ್ದ. ಅಪ್ಪ ಎಚ್ಚರವಾಗೇ ಇದ್ದ. ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತಲ್ಲ.

ಆಸ್ಪತ್ರೆಯಲ್ಲಿ ಗಿಲೆನ್‌ನ ಗಾಯ ಹೊಲಿದ ಹುಡುಗಿ ಡಾಕ್ಟರು ಅವನ ರಕ್ತ ತೆಗೆದು ದೂರದ ಪ್ರಯೋಗಾಲಯಕ್ಕೆ ಕಳಿಸಿದಳು. ಮೂರು ತಿಂಗಳಿಗೆ ಉತ್ತರ ಬಂತು. ಇದು ಸ್ನಾಯುವಿನ ಕಾಯಿಲೆ, ವಂಶದಲ್ಲೇ ಇದೆ, ಹೆತ್ತವರಿಂದ ಮಕ್ಕಳಿಗೆ ಬರುತ್ತೆ, ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದಳು. ನನ್ನ ಹತ್ತಿರ ಕೇಳಿ ಕೇಳಿ ಇಡೀ ವಂಶದ ನಕ್ಷೆ ಬರೆದಳು: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆಲ್ಲ ಕಪ್ಪು. ನನ್ನ ವೃತ್ತ ಖಾಲಿ, ಪಕ್ಕದಲ್ಲೊಂದು ಪ್ರಶ್ನೆಯ ಗುರುತು. ನನಗೆ ಅಳು ಬಂತು, ಸಂತೋಷಕ್ಕೆ. ನನ್ನ ತಮ್ಮ ಕುಡುಕನಲ್ಲ ಅಂತ ಮೊದಲ ಸಲ ಯಾರೋ ಕಾಗದದಲ್ಲಿ ಬರೆದಿದ್ದರು.

ಆ ಕಾಗದ, ನಕ್ಷೆ ಎರಡನ್ನೂ ನಾನೇ ಒಯ್ದು ಮಿಲ್ಲಿನ ಮ್ಯಾನೇಜರ್ ಗಾರ್ನೋ ಸಾಹೇಬರ ಮೇಜಿನ ಮೇಲಿಟ್ಟೆ. ನಾನು ಅಲ್ಲಿ ದುಡಿದ ಹದಿನಾರು ವರ್ಷದಲ್ಲಿ ಮೊದಲ ಸಲ ಅವರು ನನಗೆ ಕುರ್ಚಿ ತೋರಿಸಿದರು. ಪೆದ್ದಿ ನಾನು, ಕೂತೆ. ವಾರದೊಳಗೆ ಗಿಲೆನ್‌ಗೆ ಪತ್ರ ಬಂತು: ಬೆರಳು ಹೋದದ್ದು ಗರಗಸದಿಂದಲ್ಲ, ನಿನ್ನ ಕಾಯಿಲೆಯಿಂದ. ಅದನ್ನು ನೀನು ಮುಚ್ಚಿಟ್ಟೆ, ಪರಿಹಾರ ಇಲ್ಲ, ಕೆಲಸವೂ ಇಲ್ಲ. ಕುಡಿದಿದ್ದ ಅನ್ನೋದು ಮಾತ್ರ ಪುಸ್ತಕದಲ್ಲಿ ಹಾಗೇ ಉಳೀತು. ಕ್ರಿಸ್‌ಮಸ್ಸಿಗೆ ಮೊದಲು ನಕ್ಷೆಯ ಕಪ್ಪು ಚೌಕಗಳನ್ನು ಒಂದೊಂದಾಗಿ ಕರೆದು ಆಚೆ ಕಳಿಸಿದರು. ನಾಲ್ಕು ಜನ, ಅದೇ ಮಿಲ್ಲಿನಲ್ಲಿದ್ದ ನನ್ನ ದೊಡ್ಡಪ್ಪನ ಮಕ್ಕಳು. ನಾನೇ ಕೈಯಾರೆ ಕೊಟ್ಟ ಹೆಸರುಗಳು. ಹಬ್ಬಕ್ಕೆ ನಮ್ಮ ಮನೆಗೆ ಒಬ್ಬರೂ ಬರಲಿಲ್ಲ, ಮಾಡಿದ ಮಾಂಸದ ಕಡುಬು ನಾನು ಗಿಲೆನ್ ಇಬ್ಬರೇ ನುಂಗಿದೆವು.

ಹೊಸವರ್ಷದ ಮೊದಲ ಕೆಲಸದ ದಿನ ಮಿಲ್ಲಿನ ಬಾಗಿಲಲ್ಲಿ ಸಾಹೇಬರು ನಿಂತು ಒಬ್ಬೊಬ್ಬರ ಕೈ ಕುಲುಕುವುದು, ವರ್ಷ ಚೆನ್ನಾಗಿರಲಿ, ಕೊನೆಗೆ ಸ್ವರ್ಗ ಸಿಗಲಿ ಅನ್ನುವುದು ನಮ್ಮಲ್ಲಿ ಅಜ್ಜಂದಿರ ಕಾಲದ ಪದ್ಧತಿ. ಈ ಸಲ ಅವರ ಪಕ್ಕ ಒಬ್ಬ ನರ್ಸು, ಕೈಯಲ್ಲಿ ಪಟ್ಟಿ. ಕೈಗವಸು ತೆಗೆದು ಬನ್ನಿ ಅಂದರು. ಯಾರ ಕೈ ತಡವಾಗಿ ಬಿಚ್ಚುತ್ತೋ ಅವರು ರಕ್ತ ಕೊಡಬೇಕು, ಅದರಲ್ಲಿ ಕಾಯಿಲೆ ಸಿಕ್ಕರೆ ಕೆಲಸ ಹೋಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಅರ್ಥವಾಯಿತು.

ಹೋದ ಚಳಿಗಾಲದಿಂದ ನನ್ನ ಬಲಗೈಯೂ ಹಾಗೇ ಆಗಿದೆ. ಜೇಬಿನೊಳಗೆ ಹತ್ತು ಸಲ ಮುಷ್ಟಿ ಕಟ್ಟಿ ಬಿಚ್ಚಿದರೆ ಸ್ವಲ್ಪ ಹೊತ್ತು ಸಡಿಲ ಇರುತ್ತೆ. ಕಟ್ಟಿದೆ, ಬಿಚ್ಚಿದೆ. ನನ್ನ ಕೆಲಸ ಹೋದರೆ ಗಿಲೆನ್‌ಗೆ ಅನ್ನ ಹಾಕುವವರಿಲ್ಲ. ಆದರೆ ನನ್ನ ಮುಂದಿದ್ದ ಮುದುಕನ ಜೊತೆ ಸಾಹೇಬರು ಹಿಮದ ಬಗ್ಗೆ ಹರಟೆಗೆ ನಿಂತರು. ಅಷ್ಟರಲ್ಲಿ ನನ್ನ ಕೈ ಚಳಿಗೆ ಮತ್ತೆ ಮರಗಟ್ಟಿಹೋಯಿತು.

ನನ್ನ ಸರದಿ ಬಂತು, ಸಾಹೇಬರ ಕೈ ಹಿಡಿದೆ. ಹಿಡಿದ ಕೈ ಬಿಚ್ಚಲಿಲ್ಲ. ಸಾಹೇಬರು ನರ್ಸಿನ ಕಡೆ ನೋಡಿ, ಬರ್ಕೋ ಅಂದರು. ಆಮೇಲೆ ನನಗೆ, ಮೆತ್ತಗೆ: "ರಕ್ತ ಕೊಟ್ಬಿಡು ರೆಜಾನ್. ನಿನ್ನ ಒಳ್ಳೇದಕ್ಕೇ."

ನಾನು ಅವರನ್ನೇ ನೋಡಿ ಅಂದೆ: "ಕುಡ್ದಿರ್ನಿಲ್ಲ ಅನ್ನಿ."

"ಯಾರು?"

"ನನ್ ತಮ್ಮ. ಎಲ್ರ ಮುಂದೆ ಅನ್ನಿ. ಕುಡ್ಕ ಅಂತ ಬರ್ದಿರೋದ್ನ ಒಡ್ದಾಕಿ."

ಕೆಲಸ ಶುರುವಾಗುವ ಸೈರನ್ ಕೂಗಿತು. ನಲವತ್ತು ಜನ ನನ್ನ ಹಿಂದೆ ಹಿಮದಲ್ಲಿ ನಿಂತಿದ್ದರು, ಒಂದು ಗರಗಸವೂ ತಿರುಗಲಿಲ್ಲ. ರೊಬೆರ್ಜ್ ಓಡಿಬಂದು, ಬುಡೇ ಬೋಸುಡಿ, ಅಂತ ನನ್ನ ಮಣಿಕಟ್ಟು ತಿರುಚಿದ. ನನ್ನ ಹಿಂದಿದ್ದ ಫೆರ್ನಾಂಡ್, ಒಳ್ಳೆ ಕಟ್ಟುಮಸ್ತಾದ ಹೆಂಗಸು, ಅವಳ ವಂಶದಲ್ಲಿ ಯಾವ ಕಾಯಿಲೆಯೂ ಇಲ್ಲ, ಅವನ ಕೈ ಕಿತ್ತು ತನ್ನ ಎರಡು ಕೈಯಲ್ಲಿ ಹಿಡಿದಳು. "ವರ್ಸ ಚೆನ್ನಾಗಿರ್ಲಿ ಮೇಸ್ತ್ರಿ," ಅಂದಳು, ಹಿಡಿದೇ ಇದ್ದಳು.

ಅಷ್ಟರಲ್ಲಿ ನನ್ನ ಬೆರಳು ಒಂದೊಂದಾಗಿ ಸಡಿಲವಾದವು. ಸಾಹೇಬರಿಗೂ ಗೊತ್ತಾಯಿತು. "ಬಿಟ್ಕೊಂತಲ್ಲ, ಇನ್ನು ತೆಗಿ," ಅಂದರು.

ನಾನು ಅವರ ಕೈಯನ್ನು ಮತ್ತೆ ಬಿಗಿಯಾಗಿ ಹಿಡಿದೆ, ಅವರ ಉಂಗುರ ನನ್ನ ಅಂಗೈಗೆ ಒತ್ತುವ ಹಾಗೆ.

"ಇಷ್ಟೊತ್ತು ಇಡ್ಕೊಂಡಿದ್ದು ಕಾಯ್ಲೆ ಸಾಹೇಬ್ರೆ. ಈಗ ಇಡ್ಕೊಂಡಿರೋದು ನಾನು."